ಕೂತವರಿಗೆ ಎರಡು ಸುತ್ತು

ಆ ಮನೆಯಲ್ಲಿ ಬೆಳಗಾಗುತ್ತಿದ್ದುದು ಅಪ್ಪನ ಸೀಟಿಯಿಂದ. ಮೂವತ್ತು ವರ್ಷ ಡ್ರಿಲ್ ಮಾಸ್ತರರಾಗಿದ್ದವರು ನಿವೃತ್ತರಾದ ಮೇಲೂ ಅದನ್ನು ಕೊರಳಿಂದ ತೆಗೆದಿರಲಿಲ್ಲ. ಸ್ನಾನಕ್ಕೂ ಹಾಕಿಕೊಂಡೇ ಹೋಗುತ್ತಾರೆಂದು ಹೆಣ್ಣುಮಕ್ಕಳಿಬ್ಬರೂ ನಗುತ್ತಿದ್ದರು. ನಗುವ ಮಾತು ಅಲ್ಲಿಗೇ ಮುಗಿಯಿತು. ಮೈದಾನದಲ್ಲಿ ಅವರದೊಂದು ಕಟ್ಟಳೆಯಿತ್ತು: ಕೂತವರಿಗೆ ಎರಡು ಸುತ್ತು. ಸುಸ್ತಾಗಲಿ, ನೋವಾಗಲಿ, ಅಭ್ಯಾಸದ ನಡುವೆ ಕೂತರೆ ಎರಡು ಸುತ್ತು ಹೆಚ್ಚಿಗೆ ಓಡಬೇಕು. "ಮಾಸ್ತರ್ರ ಕೈಲಿ ಮಕ್ಕಳು ಗಟ್ಟಿಯಾಗ್ತಾರೆ" ಎಂದು ಹೆತ್ತವರೂ ಹೆಮ್ಮೆಪಡುತ್ತಿದ್ದರು.

ದೊಡ್ಡ ಮಗಳು ಹದಿನೈದನೆಯ ವಯಸ್ಸಿನಲ್ಲಿ ಅದೇ ಮೈದಾನದಲ್ಲಿ ಮಂಡಿ ಹಿಡಿದು ಕೂತಳು. "ನಾಟಕ ಸಾಕು, ಏಳು" ಎಂದರು ಅಪ್ಪ. ಎದ್ದಳು, ಓಡಿದಳು, ಎರಡನೆಯ ಸುತ್ತಿನಲ್ಲಿ ಬಿದ್ದಳು. ಈಗವಳು ಮೆಟ್ಟಿಲು ಇಳಿಯುವುದು ಗೋಡೆ ಹಿಡಿದು, ಅಡ್ಡಡ್ಡವಾಗಿ. ಅವಳ ಹಣೆಬರಹ ಎನ್ನುತ್ತಾರೆ ಮನೆಯವರು. ಹಣೆಬರಹವಂತೆ. ಬರೆದವರು ಯಾರೆಂದು ಒಬ್ಬರೂ ಕೇಳಲಿಲ್ಲ.

ಆ ಪ್ರಶ್ನೆಯನ್ನು ಚಿಕ್ಕವಳು ಮರೆಯಲಿಲ್ಲ. ದೈಹಿಕ ಶಿಕ್ಷಣ ಓದಿದಳು. ಆಮೇಲೆ ಆಟಗಾರರ ಗಾಯ ಗುರುತಿಸಿ ಉಪಚರಿಸುವ ತರಬೇತಿಯನ್ನೂ ಮುಗಿಸಿದಳು.

"ನೀನು ಟೀಚರೋ ನರ್ಸೋ? ಒಂದು ಬರಿ ಅರ್ಜೀಲಿ" ಎಂದು ಅಪ್ಪ ಗದರಿದರು.

"ಓಡಿಸೋದೂ ಗೊತ್ತಿರ್ಬೇಕು, ನಿಲ್ಲಿಸೋದೂ ಗೊತ್ತಿರ್ಬೇಕು ಅಪ್ಪ. ಎರಡೂ ಸೇರಿ ಒಂದು ಕೆಲಸ."

ಅಂಥ ಕೆಲಸ ಹುಡುಕಿ ಚಪ್ಪಲಿ ಸವೆಸಿದಳು. ಕಡೆಗೆ ಅಪ್ಪನ ಹಳೆಯ ಶಾಲೆಯೇ ಒಂದು ವರ್ಷಕ್ಕೆಂದು ತೆಗೆದುಕೊಂಡಿತು. ಬಂದ ದಿನವೇ, ಅಲ್ಲಿ ಇನ್ನೂ ನಡೆಯುತ್ತಿದ್ದ ಆ ಕಟ್ಟಳೆಯನ್ನು ಕಿತ್ತುಹಾಕಿದಳು. ಮಕ್ಕಳ ಮನಸ್ಸಿನಿಂದ ಕೀಳುವುದು ಅಷ್ಟು ಸುಲಭವಿರಲಿಲ್ಲ. "ರಿಲೇ ಕಪ್ ತನ್ನಿ, ಕಾಯಂ ಮಾಡೋಣ" ಎಂದಿದ್ದರು ಹೆಡ್‌ಮಾಸ್ತರರು.

ರಿಲೇ ದಿನ ಅಪ್ಪ ಮುಖ್ಯ ಅತಿಥಿ, ಪಕ್ಕದಲ್ಲಿ ಅಕ್ಕ. ಓಟಕ್ಕೆ ಹತ್ತು ನಿಮಿಷವಿದೆ ಎನ್ನುವಾಗ, ಕೊನೆಯಲ್ಲಿ ಓಡಬೇಕಾಗಿದ್ದ ಹುಡುಗಿ ಪಾದದ ಗಂಟು ಹಿಡಿದು ಕುಕ್ಕರಿಸಿದಳು. ಬದಲಿಗೆ ಓಡಲು ಬೇರೆ ಯಾರೂ ಇರಲಿಲ್ಲ.

"ನಾನು ಕೂತಿಲ್ಲ ಮೇಡಂ, ಲೇಸ್ ಕಟ್ಕೋತಿದ್ದೆ" ಎಂದಳು ಹುಡುಗಿ.

ಅವಳ ಕಾಲಲ್ಲಿ ಬೂಟೇ ಇರಲಿಲ್ಲ. ಆ ಶಾಲೆಯ ಮಕ್ಕಳು ಒಬ್ಬರಿಂದೊಬ್ಬರು ಕಲಿತ ಸುಳ್ಳು ಅದು. ಚಿಕ್ಕವಳು ಆ ಗಂಟನ್ನು ಬೆರಳಿಂದ ಮೆಲ್ಲಗೆ ಒತ್ತಿದಳು. ಹುಡುಗಿ ತುಟಿ ಕಚ್ಚಿದಳು.

ಅಪ್ಪ ದಾಪುಗಾಲು ಹಾಕಿ ಬಂದರು. "ನಾಟಕ. ಎಬ್ಬಿಸು ಅವಳನ್ನ. ನಿನ್ನ ಕೆಲಸ ಹೋಗತ್ತೆ."

"ಹೋದ್ರೆ ಹೋಗ್ಲಿ ಅಪ್ಪ. ಇವಳು ಓಡಲ್ಲ."

ಅಪ್ಪ ಸೀಟಿಯನ್ನು ಬಾಯಿಗಿಟ್ಟರು. ಅಷ್ಟರಲ್ಲಿ ಅಕ್ಕ ಕುಂಟುತ್ತ ಬಂದು ಅವರ ತೋಳು ಹಿಡಿದಳು.

"ಅಪ್ಪ, ನಾನೂ ಅವತ್ತು ನಾಟಕ ಮಾಡಿರ್ಲಿಲ್ಲ."

ಸೀಟಿ ಊದಲಿಲ್ಲ. ಚಿಕ್ಕವಳು ತಂಡದ ಹೆಸರನ್ನು ಪಟ್ಟಿಯಿಂದ ತಾನೇ ಹೊಡೆದುಹಾಕಿ, ಹುಡುಗಿಯನ್ನು ಆಸ್ಪತ್ರೆಗೆ ಕರೆದೊಯ್ದಳು. ಮೂಳೆ ಬಿರುಕು ಬಿಟ್ಟಿತ್ತು. ಓಡಿದ್ದರೆ ಮುರಿಯುತ್ತಿತ್ತು ಎಂದರು ಡಾಕ್ಟರು. ಕಪ್ ಬರಲಿಲ್ಲ. ಕೆಲಸವೂ ಉಳಿಯಲಿಲ್ಲ.

ಮರುದಿನ ಮನೆಯಲ್ಲಿ ಸೀಟಿಯಿಲ್ಲದೆ ಬೆಳಗಾಯಿತು. ಚಿಕ್ಕವಳು ಹೊಸ ಅರ್ಜಿ ಬರೆಯುತ್ತಿದ್ದಳು. ಅಪ್ಪ ಬಂದು ಎದುರಿಗೆ ಕೂತರು. ಕಾಗದವನ್ನು ತಮ್ಮತ್ತ ತಿರುಗಿಸಿಕೊಂಡರು.

"ಓಡಿಸೋದು, ನಿಲ್ಲಿಸೋದು," ಎಂದರು. "ಎರಡೂ ಬರಿ."