ಟ್ಯಾಮ್ಸಿನ್‌ಗೆ ಸಿಗದ ಹಡಗು

ಟ್ರೆಂಬತ್ ಮನೆತನದವರು ಬದುಕಿದ್ದವರ ಜೊತೆ ಹೇಗೇ ಇರಲಿ, ಸತ್ತವರಿಗೆ ಮಾತ್ರ ಏನೂ ಕಡಿಮೆ ಮಾಡಿದವರಲ್ಲ. ನೂರೆಪ್ಪತ್ತು ವರ್ಷಗಳ ಹಿಂದೆ ಸರ್ಕಾರದ ಖರ್ಚಿನಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಬಿಟ್ಟು ಹಡಗು ಹತ್ತಿ ಬಂದ ಜೊಸಾಯ, ಹಾನರ್ ದಂಪತಿಗೆ ಆಸ್ಟ್ರೇಲಿಯಾದ ವಾಲ್ಸೆಂಡಿನ ಸ್ಮಶಾನದಲ್ಲಿ ಒಳ್ಳೆಯ ಕಲ್ಲಿದೆ. ದಾರಿಯಲ್ಲಿ ಜ್ವರ ಬಂದು ಸತ್ತು ಕಡಲಿನ ಪಾಲಾದಳೆಂದು ಮನೆಯವರು ಹೇಳಿಕೊಂಡು ಬಂದ ಅವರ ಮೂರು ವರ್ಷದ ಮಗಳು ಟ್ಯಾಮ್ಸಿನ್‌ಗೆ ಮಾತ್ರ ಏನೂ ಇಲ್ಲ.

ಈ ಕೊರಗು ಹತ್ತಿದ್ದು ಅದೇ ಮನೆತನದ ಮರ್ವ್‌ಗೆ. ಎಂಬತ್ತೆಂಟು ವಯಸ್ಸು, ಕಲ್ಲಿದ್ದಲ ಧೂಳು ಕುಡಿದ ಶ್ವಾಸಕೋಶ, ಮೂಗಿನಲ್ಲಿ ನಳಿಕೆ.

"ನಾನು ಕಣ್ಮುಚ್ಚೋದ್ರೊಳಗೆ ಆ ಕೂಸಿಗೊಂದು ಕಲ್ಲು ನಿಲ್ಲಿಸೇ ವರ್ನಾ," ಎಂದು ತಂಗಿಗೆ ಗಂಟುಬಿದ್ದ. "ಸತ್ತ ತಾರೀಖು ಹುಡುಕು. ಇಲ್ದಿದ್ರೆ ಕೆತ್ತೋನು ಕೆತ್ತಲ್ಲವಂತೆ."

ವರ್ನಾಗೂ ಎಪ್ಪತ್ತೊಂಬತ್ತು. ಮಂಡಿ ಹಿಡಿದುಕೊಂಡೇ ದಫ್ತರಖಾನೆಯ ಮೆಟ್ಟಿಲು ಹತ್ತಿದಳು. ಅಲ್ಲಿ ಸಂಬಳವಿಲ್ಲದೆ ಕೆಲಸ ಮಾಡುವ ಐಲ್ಸಾ ಹಳೆಯ ಹಡಗಿನ ಪಟ್ಟಿಯನ್ನು ಪರದೆಯ ಮೇಲೆ ಉರುಳಿಸಿದಳು. ಜೊಸಾಯ, ಹಾನರ್, ನಾಲ್ಕು ಮಕ್ಕಳು. ಹಡಗಿನ ವೈದ್ಯ ಬರೆದಿಟ್ಟ ಸತ್ತವರ ಪಟ್ಟಿಯಲ್ಲಿ ಹನ್ನೊಂದು ಹೆಸರು. ಟ್ಯಾಮ್ಸಿನ್ ಎರಡರಲ್ಲೂ ಇಲ್ಲ.

"ಹತ್ತಿದ್ರೆ ತಾನೇ ಸಾಯೋಕೆ?" ಎಂದಳು ಐಲ್ಸಾ. "ಏಳು ವರ್ಷದ ಒಳಗಿನ ಮಕ್ಳು ಎರಡಕ್ಕಿಂತ ಜಾಸ್ತಿ ಇದ್ರೆ ಪುಕ್ಕಟೆ ಹಡಗಿಲ್ಲ. ಪುಟ್ಟವು ದಾರೀಲೇ ಸಾಯ್ತಿದ್ವಲ್ಲ, ಅದಕ್ಕೆ. ನಿಮ್ಮೋರ ಹತ್ರ ಟ್ಯಾಮ್ಸಿನ್ ಸೇರಿ ಅಂಥವು ಮೂರಿದ್ವು. ಒಂದನ್ನ ಬಿಟ್ಟು ಬಂದಿದಾರೆ."

"ಹಾನರಜ್ಜಿ ಅಂಥೋಳಲ್ಲ."

"ಯಾರೂ ಅಂಥೋರಲ್ಲ ಕಣಮ್ಮ. ಇಪ್ಪತ್ತು ವರ್ಷದಿಂದ ಇದೇ ಕುರ್ಚೀಲಿ ಕೂತು ಇದನ್ನೇ ಕೇಳ್ತಿದೀನಿ."

ವರ್ನಾ ಮೈಯೆಲ್ಲ ಉರಿದುಕೊಂಡು ಮನೆಗೆ ಬಂದಳು. ಆದರೂ ಕಾರ್ನ್‌ವಾಲಿಗೆ ಬರೆದಳು. ಎರಡು ವಾರಕ್ಕೆ ಅಲ್ಲಿನ ಬಡವರ ಮನೆಯ ದಾಖಲೆಯ ಪ್ರತಿ ಬಂತು. ದಿಕ್ಕಿಲ್ಲದವರನ್ನು ಕೂಡಿಹಾಕಿ ದುಡಿಸುವ ಜಾಗ ಅದು. 'ಟ್ಯಾಮ್ಸಿನ್ ಟ್ರೆಂಬತ್, ಮೂರು ವರ್ಷ, ತಂದೆ ತಾಯಿ ಆಸ್ಟ್ರೇಲಿಯಾಕ್ಕೆ.' ಕೆಳಗೆ ಇನ್ನೊಂದು ಸಾಲು: ಐದು ವರ್ಷದ ನಂತರ, ಜನವರಿಯಲ್ಲಿ, ಅಲ್ಲೇ ಸತ್ತಿದ್ದಾಳೆ.

ಒಂದು ಆಸೆ ಮಾತ್ರ ಉಳಿದಿತ್ತು. ಇಲ್ಲಿ ನೆಲೆ ನಿಂತವರು ಊರಲ್ಲಿದ್ದ ಬಂಧುವಿನ ಹೆಸರು ಕೊಟ್ಟರೆ ಸರ್ಕಾರ ಕರೆಸಿಕೊಡುತ್ತಿತ್ತು. ಹಾನರಜ್ಜಿ ಖಂಡಿತ ಹೆಸರು ಕೊಟ್ಟಿರುತ್ತಾಳೆ, ಹಡಗು ಬರುವುದು ತಡವಾಗಿರಬೇಕು. ವರ್ನಾ ಮತ್ತೆ ಮೆಟ್ಟಿಲು ಹತ್ತಿದಳು. ಹೌದು, ಜೊಸಾಯ ಹೆಸರು ಕೊಟ್ಟಿದ್ದ. ಮಗು ಸಾಯುವುದಕ್ಕೆ ವರ್ಷದ ಮುಂಚೆ, ಒಂದೇ ಹೆಸರು: ತನ್ನ ತಮ್ಮ ಸ್ಯಾಮ್ಸನ್, ಇಪ್ಪತ್ತೊಂದು ವಯಸ್ಸು, ಗಣಿ ಕೆಲಸಗಾರ, ಗಟ್ಟಿಮುಟ್ಟು.

ಸ್ಯಾಮ್ಸನ್ ಎಂದರೆ ವರ್ನಾ, ಮರ್ವ್‌ರ ತಾತನ ಅಪ್ಪ.

ಬಸ್ಸಿನಲ್ಲಿ ಅವಳು ಒಂದು ಸುಳ್ಳು ತಾರೀಖು ಹೊಂದಿಸಿಕೊಂಡಳು. ಸಾಯುವವನಿಗೆ ಅದೇ ಸಾಕಿತ್ತು. ಆದರೆ ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂತಾಗ ಬಾಯಿಂದ ನಿಜವೇ ಬಂತು, ಎಲ್ಲವೂ.

ಮರ್ವ್ ಮೂಗಿನ ನಳಿಕೆ ಸರಿಮಾಡಿಕೊಂಡ.

"ಅವನ ಬದ್ಲು ಅವ್ಳು ಬಂದಿದ್ರೆ ನಾವು ಹುಟ್ತಾನೇ ಇರ್ಲಿಲ್ಲ."

"ಹೂಂ. ಇರ್ಲಿಲ್ಲ."

"ಕಡಲಲ್ಲಿ ಸತ್ಲು ಅಂತಲೇ ಹಾಕ್ಸು ವರ್ನಾ. ನಾನು ಹೋಗಿ ಮಲಗ್ಬೇಕಾದ್ದು ಜೊಸಾಯ, ಹಾನರಜ್ಜಿ ಮಗ್ಗುಲಲ್ಲಿ."

ಎಪ್ಪತ್ತೊಂಬತ್ತು ವರ್ಷದಲ್ಲಿ ಅಣ್ಣನ ಮಾತಿಗೆ ಅವಳು ಎದುರಾಡಿದವಳಲ್ಲ.

"ಆಗಲ್ಲ ಮರ್ವ್. ಒಂದ್ಸಲ ಬಿಟ್ಟು ಬಂದಿದ್ದು ಸಾಕು."

ಮರ್ವ್ ಗೋಡೆಯ ಕಡೆ ತಿರುಗಿದ. ಆಮೇಲೆ ನಾಲ್ಕು ದಿನ ಬದುಕಿದ್ದ. ನರ್ಸುಗಳ ಜೊತೆ ಮಾತಾಡಿದ, ಪಾದ್ರಿಯ ಜೊತೆ ಮಾತಾಡಿದ, ದಿನವೂ ಬಂದು ಕೂರುತ್ತಿದ್ದ ತಂಗಿಯ ಜೊತೆ ಒಂದು ಮಾತೂ ಆಡಲಿಲ್ಲ. ಅವನನ್ನು ಹೂತ ವಾರವೇ ಪಕ್ಕದಲ್ಲಿ ಚಿಕ್ಕ ಕಲ್ಲು ನಿಂತಿತು. ನೋಡಲು ಬಂದದ್ದು ವರ್ನಾ ಒಬ್ಬಳೇ. ಕಲ್ಲಿನ ಮೇಲೆ ಕೆತ್ತಿದ್ದು ಇಷ್ಟು: ಟ್ಯಾಮ್ಸಿನ್ ಟ್ರೆಂಬತ್, ಎಂಟು ವರ್ಷ, ಬಡವರ ಮನೆಯಲ್ಲಿ ತೀರಿಕೊಂಡಳು. ಯಾರೂ ಕರೆಸಿಕೊಳ್ಳಲಿಲ್ಲ.