ಸೂಟ್‌ಕೇಸಿನ ರೆಕ್ಸಿನ್

ಕೆಂಪರಾಜ್ ಕಣ್ಣು ಮುಚ್ಚಿ ದೋಣಿಯ ನೆಲದ ಮೇಲೆ ಅಂಗೈ ಆಡಿಸಿದ. ಷೆಡ್ಡಿನ ಬಾಗಿಲ ಕಡೆಯ ಸೀಟಿನ ಬುಡಕ್ಕೆ ಬರುತ್ತಿದ್ದಂತೆ ಕೈ ತಡೆಯಿತು. ಈ ಸಲವೂ ತೇಪೆ ಸಿಕ್ಕಿಬಿದ್ದಿತ್ತು.

ಹಲಸೂರು ಕೆರೆಯ ಹಳೇ ಫೈಬರ್ ದೋಣಿ ಅದು. ಒಡೆದ ಕಡೆ ಹೊಸ ಫೈಬರ್ ಹಾಕಿ ಮುಚ್ಚುವುದೇನೂ ಕಷ್ಟವಿರಲಿಲ್ಲ. ಕಾಲು ಜಾರದಿರಲೆಂದು ನೆಲಕ್ಕೆಲ್ಲ ಸಣ್ಣ ಸುಕ್ಕುಗಳ ತರಿ ಇತ್ತು. ಆ ತರಿ ಮಾತ್ರ ಏನು ಮಾಡಿದರೂ ಹೊಂದುತ್ತಿರಲಿಲ್ಲ. ಸ್ಪಂಜಿನಲ್ಲಿ ಒತ್ತಿದ, ಬ್ರಷ್ಷಿನಲ್ಲಿ ಚುಚ್ಚಿದ, ಮರಳು ಉದುರಿಸಿದ. ಪ್ರತಿ ಸಲವೂ ಉಪ್ಪುಕಾಗದ ಹಿಡಿದು ಉಜ್ಜಿ ತೆಗೆಯಬೇಕಾಯಿತು. ತನ್ನ ತೇಪೆಯನ್ನು ಕಣ್ಣು ಮುಚ್ಚಿ ಕಂಡುಹಿಡಿದವರಿಗೆ ಮಸಾಲೆ ದೋಸೆ ಕೊಡಿಸುತ್ತೇನೆಂದು ಅವನು ವರ್ಷಗಳಿಂದ ಪಂಥ ಕಟ್ಟುತ್ತಿದ್ದ. ದೋಸೆ ತಿಂದವರು ಯಾರೂ ಇರಲಿಲ್ಲ. ಮುನಿಆಂಜನಪ್ಪನವರ ಫೈಬರ್ ರಿಪೇರಿ ಷೆಡ್ಡಿನಲ್ಲಿ ಅವನಿಗೆ ಮೇಸ್ತ್ರಿ ಎಂಬ ಹೆಸರು ಬಂದದ್ದೇ ಆ ಕೈಯಿಂದ.

ಷೆಡ್ಡಿನ ಹಿಂದಿನ ಮನೆಯಿಂದ ಟೀ ತಂದ ಅವನ ಹೆಂಡತಿ ಸುಕನ್ಯ ಬಗ್ಗಿ ನೋಡಿದಳು.

"ರೀ, ಇದು ನನ್ ಸೂಟ್‌ಕೇಸ್ ರೆಕ್ಸಿನ್ ಥರಾನೇ ಇದೆ ಅಲ್ವಾ?"

"ಟೀ ಇಟ್ಟು ಹೋಗು. ನಿನ್ ಅಡುಗೆಮನೆ ಬುದ್ಧೀನ ಇಲ್ಲಿ ಓಡಿಸ್ಬೇಡ."

ಅವಳು ಟೀ ಇಟ್ಟು ಹೋದಳು. ಪಕ್ಕದಲ್ಲಿ ಬಣ್ಣ ಕಲಸುತ್ತಿದ್ದ ಜಿಯಾವುಲ್ಲಾ ಕೈ ನಿಲ್ಲಿಸಿ ಅವಳು ಹೋದ ಕಡೆಗೇ ನೋಡಿದ. ಶಿವಾಜಿನಗರದಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದವನು ರಂಜಾನ್ ಕಳೆದ ಮೇಲೆ ಇಲ್ಲಿಗೆ ಸೇರಿದ್ದ. ಬಿಸಿಲಿಗೆ ಮಾಸಿದ ಬಣ್ಣವನ್ನೂ ಮಾಸಿದಂತೆಯೇ ಕಲಸಿಕೊಡುತ್ತಿದ್ದ. ಆ ನೋಟ ಕೆಂಪರಾಜನಿಗೆ ಹಿಡಿಸಲಿಲ್ಲ.

ಮರುದಿನ ಫೈಬರ್ ಅಂಟಿಸುವ ರೆಸಿನ್ ತರಲು ಕೆ.ಆರ್. ಪುರಕ್ಕೆ ಹೋಗಿದ್ದವನು ಬರುವ ಹೊತ್ತಿಗೆ ಸಂಜೆಯಾಗಿತ್ತು. ಜಿಯಾವುಲ್ಲಾ ದೋಣಿಯೊಳಗೆ ಕೂತು ತೇಪೆಯ ಮೇಲಿಂದ ಮರೂನ್ ಬಣ್ಣದ ರೆಕ್ಸಿನ್ ತುಂಡೊಂದನ್ನು ಎಳೆದು ಬಿಡಿಸುತ್ತಿದ್ದ. ತುಂಡು ಹರಿದು ಎರಡಾಯಿತು. ಅಡಿಯಲ್ಲಿ ಹಳೇ ನೆಲದ ತರಿಯೇ ಇಳಿದಿತ್ತು.

ಮುನಿಆಂಜನಪ್ಪನವರು ಕಣ್ಣು ಮುಚ್ಚಿ ಕೈ ಆಡಿಸಿದರು. "ಎಲ್ಲಯ್ಯಾ ತೇಪೆ?"

"ಅಕ್ಕ ಹೇಳಿದ್ದು ಸಾರ್," ಎಂದ ಜಿಯಾವುಲ್ಲಾ. "ದೋಣಿ ಮಾಡೋವಾಗ ಅಚ್ಚಿಗೇ ರೆಕ್ಸಿನ್ ಅಂಟಿಸಿದಾರೆ. ನಾನೂ ಹಸಿ ತೇಪೆ ಮೇಲೆ ಅದನ್ನೇ ಒತ್ತಿದೆ, ಅಷ್ಟೇ."

"ಶನಿವಾರ ಬೆಳಿಗ್ಗೆ ಕೆರೆಗೆ ಕಳಿಸ್ಬಿಡೋಣ. ಇನ್ಮೇಲೆ ದೋಣಿ ಕೆಲ್ಸ ಬಂದ್ರೆ ಜಿಯಾನೇ ನೋಡ್ಕೊಳ್ಲಿ, ಏನಪ್ಪಾ ಕೆಂಪರಾಜು?"

ಕೆಂಪರಾಜ್ ತಲೆಯಾಡಿಸಿದ. ಅವನ ಕಣ್ಣು ಹರಿದ ತುಂಡಿನ ಮೇಲಿತ್ತು. ಮದುವೆಗೆ ಸುಕನ್ಯ ತವರಿಂದ ತಂದ ಸೂಟ್‌ಕೇಸು ಅದು. ಅದರ ಮೇಲೆ ಅವನು ಕೂತರೂ ಬೈಯುತ್ತಿದ್ದಳು.

"ಅವ್ನ ಕೈಗೆ ಕತ್ತರಿ ಕೊಟ್ಯಾ?" ಮನೆಗೆ ಬಂದವನೇ ಕೇಳಿದ.

"ನಾನೇ ಕತ್ತರಿಸ್ಕೊಟ್ಟೆ. ಕೇಳಿದ್ರು, ಕೊಟ್ಟೆ."

"ಕೇಳಿದೋರ್ಗೆಲ್ಲಾ ಕೊಟ್ಬಿಡ್ತೀಯಾ?"

ಸುಕನ್ಯ ಅವನನ್ನು ನೆಟ್ಟಗೆ ನೋಡಿದಳು. "ಮೊದ್ಲು ನಿಮಗೇ ಹೇಳ್ದೆ."

ಅದು ನಿಜವೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೆ ಹೊಟ್ಟೆಯುರಿ ಕಮ್ಮಿಯಾಗಬೇಕಿತ್ತು. ಇನ್ನಷ್ಟು ಹತ್ತಿ ಉರಿಯಿತು. ಜಿಯಾವುಲ್ಲಾ ತನ್ನ ಹೆಸರು ಕಿತ್ತುಕೊಂಡದ್ದಕ್ಕೋ, ತಾನು ತಳ್ಳಿಹಾಕಿದ ಹೆಂಡತಿಯ ಮಾತನ್ನು ಕಿವಿಗೊಟ್ಟು ಕೇಳಿದ್ದಕ್ಕೋ, ಯಾವುದಕ್ಕೆ ಹೆಚ್ಚು ಉರಿಯುತ್ತಿದೆ ಎಂದು ಅವನಿಗೇ ತಿಳಿಯಲಿಲ್ಲ. ಜಿಯಾವುಲ್ಲಾ ಅವಳನ್ನು ಅಕ್ಕ ಅಂದದ್ದೂ ಸಮಾಧಾನ ತರಲಿಲ್ಲ. ಊಟಕ್ಕೆ ಕೂತು ಸಾರಿಗೆ ಉಪ್ಪಿಲ್ಲವೆಂದು ತಕರಾರು ತೆಗೆದ. ಉಪ್ಪು ಸರಿಯಾಗಿಯೇ ಇತ್ತು.

ಶುಕ್ರವಾರ ಮಧ್ಯಾಹ್ನ, ದೋಣಿಗೆ ಪಾಲಿಶ್ ಹೊಡೆದು ಮುಗಿಸಿ ಜಿಯಾವುಲ್ಲಾ ನಮಾಜಿಗೆ ಹೋದ. ಮುನಿಆಂಜನಪ್ಪನವರು ಊಟಕ್ಕೆ ಹೋಗಿದ್ದರು. ಕೆಂಪರಾಜ್ ಒರಟು ಉಪ್ಪುಕಾಗದ ತೆಗೆದುಕೊಂಡು ದೋಣಿಗೆ ಇಳಿದ. ತೇಪೆ ಎದ್ದುಬಂತು, ರೆಕ್ಸಿನ್ ಒತ್ತಿದ್ದು ನಿಲ್ಲಲಿಲ್ಲ ಎಂದು ಯಜಮಾನರಿಗೆ ಹೇಳಿದರೆ ಸಾಕಾಗಿತ್ತು. ಬಾಗಿಲ ಕಡೆಯ ಸೀಟಿನ ಬುಡದಲ್ಲಿ ಮಂಡಿಯೂರಿ ಉಜ್ಜತೊಡಗಿದ. ಅಂಗೈಯಗಲ ತರಿ ಹೋಯಿತು, ಬಣ್ಣ ಹೋಯಿತು. ಬಿಳಿಚಿದ ಹೊಸ ಫೈಬರ್ ಕಾಣಬೇಕಿದ್ದ ಕಡೆ ಟೀ ಡಿಕಾಕ್ಷನ್ನಿನಂಥ ಕಂದು ಕಾಣಿಸಿತು. ವರ್ಷಗಟ್ಟಲೆ ನೀರು ಕುಡಿದ ಹಳೇ ಫೈಬರ್.

ಪಾಲಿಶ್ ಹೊಡೆಯಲೆಂದು ದೋಣಿಯನ್ನು ಹಿಂದುಮುಂದು ತಿರುಗಿಸಿಟ್ಟಿದ್ದರು. ತೇಪೆಯಿದ್ದ ಸೀಟು ಆ ತುದಿಗೆ ಹೋಗಿತ್ತು, ಅದು ಅವನಿಗೆ ಹೊಳೆದದ್ದು ಈಗ. ಆ ಕಡೆಯ ಸೀಟಿಗೆ ಹೋಗಿ ಕಣ್ಣು ಮುಚ್ಚಿ ಕೈ ಆಡಿಸಿದ. ಸಿಗಲಿಲ್ಲ. ಕಣ್ಣು ಬಿಟ್ಟು ಹುಡುಕಿದ. ಆಗಲೂ ಸಿಗಲಿಲ್ಲ. ಇಡೀ ದೋಣಿಯಲ್ಲಿ ಈಗ ಕಾಣುವ ಗಾಯ ಒಂದೇ, ಅವನು ಮಾಡಿದ್ದು. ಬೆಳಗಾದರೆ ದೋಣಿ ಕೆರೆಗೆ ಹೋಗಬೇಕು.

ಸುಕನ್ಯ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೆಂಪರಾಜ್ ಎದುರಿಗೆ ಬಂದು ನಿಂತ.

"ರೆಕ್ಸಿನ್ ಇನ್ನೊಂದ್ ತುಂಡು ಬೇಕಿತ್ತು."

"ಯಾರಿಗೆ?"

"ನಂಗೆ."

ಅವಳು ಅವನ ಕೈಗೆ ಮೆತ್ತಿದ್ದ ಬಿಳಿ ಪುಡಿಯನ್ನು ನೋಡಿದಳು. ಆಮೇಲೆ ಮುಖ ನೋಡಿದಳು. ಒಳಗೆ ಹೋಗಿ ಸೂಟ್‌ಕೇಸು ತಂದು ಮಗುಚಿ ಹಾಕಿದಳು. ತಳದಲ್ಲಿ ಚೌಕಾಕಾರದ ತೂತಿತ್ತು, ಉಳಿದ ಕಡೆಯೆಲ್ಲ ನೆಲಕ್ಕೆ ಉಜ್ಜಿ ಉಜ್ಜಿ ರೆಕ್ಸಿನ್ ನುಣ್ಣಗಾಗಿತ್ತು. ಅಲ್ಲಿ ತೆಗೆದು ಪ್ರಯೋಜನವಿಲ್ಲವೆಂದು ಇಬ್ಬರಿಗೂ ಗೊತ್ತಾಯಿತು.

ಸುಕನ್ಯ ಸೂಟ್‌ಕೇಸನ್ನು ತಿರುಗಿಸಿ, ಮುಚ್ಚಳವನ್ನು ಸೆರಗಿನಿಂದ ಒರೆಸಿದಳು.

"ಎಷ್ಟಗಲ ಬೇಕು?"

ಅವನು ಮುಚ್ಚಳದ ನಡುವೆ ಅಂಗೈ ಊರಿ ತೋರಿಸಿದ.

"ಕೈ ತೆಗೀಬೇಡಿ, ಹಾಗೇ ಇಟ್ಕೊಳಿ," ಎಂದು ಅವಳು ಅವನ ಬೆರಳುಗಳ ಸುತ್ತ ಕತ್ತರಿ ಆಡಿಸತೊಡಗಿದಳು.