ಬಾಲ ಸುಟ್ಟ ಕುದುರೆ ಹಲಗೆ

ನನ್ ಎರಡೂ ಕಣ್ಣಾಣೆ, ಇದು ನಡೆದದ್ದೇ. ನಮ್ಮ ಹಾರ್ನ್‌ಬೆಕ್ಕಲ್ಲಿ, ಬಿರ್ತೆಯವ್ವನ ಅಡಿಗೆಮನೇಲಿ. ಸುಳ್ಳಾದ್ರೆ ನನ್ ದೋಣಿಗೆ ತೂತು ಬೀಳ್ಲಿ.

ಕೋಪನ್‌ಹೇಗನ್ನಿಂದ ಚಿತ್ರ ಬರೆಯೋ ಸಾಹೇಬ ಒಬ್ಬ ಬಂದಿದ್ದ. ಅರಮನೆ ಬಿಟ್ಟು ಅವನಿಗೆ ನಮ್ಮ ಹೊಗೆ ಹಿಡಿದ ಮನೆಗಳೇ ಬೇಕು. ಬಂದ ಹೊಸದ್ರಲ್ಲಿ ಒಂದು ಹೆರಿಂಗ್ ಮೀನು ಬರೆದ ನೋಡಿ, ಬಿರ್ತೆಯವ್ವನ ಬೆಕ್ಕು ಅದನ್ನ ನೆಕ್ಕಿ ನೆಕ್ಕಿ ಬೇಸಿಗೆಯೆಲ್ಲ ನೀಲಿ ನಾಲಿಗೇಲಿ ಓಡಾಡ್ತು. ಆಮೇಲೆ ಬಿರ್ತೆಯವ್ವನ ಮಗಳು ಸಿಡ್ಸೆಲ್‌ನ ಕಿಟಕಿ ಕಡೆ ಮುಖ ಮಾಡಿ ಕೂರಿಸಿ, ಕೈಗೆ ಸುಲಿಯೋ ಆಲೂಗಡ್ಡೆ, ಚಾಕು ಕೊಟ್ಟು, "ಅಲ್ಲಾಡ್ಬೇಡಮ್ಮ, ಹಿಂದೆ ತಿರುಗಲೇಬೇಡ" ಅಂದ.

ಸಿಡ್ಸೆಲ್ ಕೂತ್ಲು. ಮನಸ್ಸು ಕೂರ್ಬೇಕಲ್ಲ! ಬೆಸ್ತರ ಟೆರ್ಕೆಲ್ ಚಳಿಗಾಲ ಪೂರ್ತಿ ಬಾಗಿಲು ಹಾಕ್ಕೊಂಡು ಮರ ಕೆತ್ತಿದ್ದ. ಏನು ಅಂತ ಊರಿಗೆಲ್ಲ ಗೊತ್ತು: ಬಟ್ಟೆ ಸುಕ್ಕು ಬಿಡಿಸೋ ಹಲಗೆ, ಹಿಡಿಗೆ ಒಂದು ಕುದುರೆ. ಗಂಡು ತಂದುಕೊಟ್ಟಿದ್ದನ್ನ ಹುಡುಗಿ ಗೋಡೆಗೆ ನೇತುಹಾಕಿದ್ಲೋ, ಮದುವೆ ಗಟ್ಟಿ. ಬೇಡ ಅಂದ್ಲೋ, ಅದನ್ನ ಇನ್ನೊಬ್ಬಳಿಗೆ ಕೊಡಂಗಿಲ್ಲ, ಒಲೆಗೇ. ಇವತ್ತು ತರ್ತಾನಾ, ನಾಳೆ ತರ್ತಾನಾ ಅಂತ ಅವಳ ಜೀವ ಒದ್ದಾಡ್ತಿತ್ತು.

ಕಿಟಕೀಲಿ ಟೆರ್ಕೆಲ್ ಬರೋದು ಕಂಡ್ತು, ಕಂಕುಳಲ್ಲಿ ಉದ್ದದ ಗಂಟು. ಬಾಗಿಲು ಕಿರ್ ಅಂತು. ತಿರುಗಂಗಿಲ್ವಲ್ಲ, ಸಿಡ್ಸೆಲ್ ಹಂಗೇ ಕೂತ್ಲು. ಬಾಗಿಲು ಮತ್ತೆ ಕಿರ್ ಅಂತು. ಆಮೇಲೆ ಅದೇ ಕಿಟಕೀಲಿ ತಲೆ ತಗ್ಗಿಸ್ಕೊಂಡು ವಾಪಸ್ ಹೋಗೋದೂ ಕಂಡ್ತು.

ಹಿಂದೇನೇ ಬಿರ್ತೆಯವ್ವ ಬಂದವಳು ಕಿರುಚಿದ್ಲು. "ಅಯ್ಯೋ ಕಳ್ಳಿ! ಯಾರೇ ಅವ್ನು? ನಂಗೂ ಹೇಳ್ದೆ ಹಲಗೆ ನೇತುಹಾಕ್ಬಿಟ್ಯಾ?"

ಸಿಡ್ಸೆಲ್ ತಿರುಗಿ ನೋಡ್ತಾಳೆ, ಬೆನ್ನ ಹಿಂದಿನ ಗೋಡೆ ಮೇಲೆ ಕೆಂಪು ಕುದುರೆ ಹಲಗೆ!

"ಅವಳು ಕೂತ ಮೇಲೆ ನಾನೇ ಹಾಕ್ದೆ," ಅಂದ ಸಾಹೇಬ. "ಸಂತೇಲಿ ಸಿಕ್ತು. ಗೋಡೆ ಬೋಳಾಗಿತ್ತು."

"ನಿಮ್ ತಲೆ ಬೋಳಾಗ!" ಅಂದವಳೇ ಸಿಡ್ಸೆಲ್ ಓಡಿದ್ಲು. ಎಂಥಾ ಓಟ ಅಂತೀರಿ, ಅವಳ ಮರದ ಚಪ್ಪಲಿ ಹಿಂದೆ ಉಳಿದು, ಆಮೇಲೆ ತಾವೇ ಕಟಕಟ ಅಂತ ಓಡ್ಕೊಂಡು ಬಂದ್ವು.

ದಡದಲ್ಲಿ ಟೆರ್ಕೆಲ್ ದೋಣಿಗೆ ಬಳಿಯೋಕೆ ಟಾರು ಕಾಯಿಸ್ತಿದ್ದ. ಗಡಿಗೆ ಕೆಳಗೆ ಸೌದೆ ಜೊತೆ ಅವನ ಹಲಗೆ!

"ಅದ್ಯಾಕೋ ಬೆಂಕಿಗೆ ಹಾಕ್ದೆ?"

"ನಿನ್ ಗೋಡೆ ತುಂಬೈತಲ್ಲ."

"ಅದು ಸಾಹೇಬಂದು ಕಣೋ!"

"ಸಾಹೇಬನ್ನೇ ಮಾಡ್ಕೋ. ಮನೆಗೆ ಸುಣ್ಣಬಣ್ಣದ ಖರ್ಚು ಉಳೀತದೆ."

"ಥೂ ಮಂಕೇ! ಅವನಿಗೆ ಹೆಂಡ್ತಿ ಅವ್ಳೆ. ಗೋಡೆ ಚೆಂದಕ್ಕೆ ಹಾಕ್ಯವ್ನೆ. ನಾನು ನೋಡ್ಲೇ ಇಲ್ಲ, ತಿರುಗಂಗಿರ್ಲಿಲ್ಲ!" ಅಂತ ಬೆಂಕಿಗೇ ಕೈ ಹಾಕಿ ಹಲಗೆ ಎಳ್ಕೊಂಡ್ಲು.

"ಬಾಲ ಸುಟ್ಟೋಯ್ತಲ್ಲೇ," ಅಂದ ಟೆರ್ಕೆಲ್.

"ಮನೇಲೇ ಇರೋ ಕುದುರೆಗೆ ಬಾಲ ಯಾಕೆ? ಅಲ್ಲೇನು ನೊಣ ಹೊಡೀಬೇಕಾ?"

ಟೆರ್ಕೆಲ್‌ನೂ ಎಳ್ಕೊಂಡು ಮನೆಗೆ ಬಂದವಳೇ ಸಂತೆ ಹಲಗೆ ಕಿತ್ತು ಸಾಹೇಬನ ಕೈಗಿಟ್ಟು, ಹೊಗೆ ಆಡೋ ಹಲಗೇನ ಮೊಳೆಗೆ ಸಿಗಿಸಿದ್ಲು. ಬಿರ್ತೆಯವ್ವ ಟೆರ್ಕೆಲ್‌ನ ಮೇಲಿಂದ ಕೆಳಗೆ ನೋಡಿ, ಅವನಿಗೂ ಒಂದು ತಟ್ಟೆ ಇಟ್ಲು.

ಸಾಹೇಬ ಬರೆಯೋಕೆ ಹೊರಟಿದ್ದು ಬೇಜಾರಲ್ಲಿ ಕೂತ ಹುಡುಗೀನ. "ನಗ್ಬೇಡಮ್ಮ" ಅಂದ. ನಿಲ್ಲಬೇಕಲ್ಲ ನಗು! ಕೊನೆಗೆ ಬಾಯಿ ಅಳಿಸಿ, ನಗೋ ಬಾಯಿ ಬರೆದ. ಪಟ್ಟಣದ ಜನ ಈಗ್ಲೂ ಆ ಪಟದ ಮುಂದೆ ನಿಂತು, ಆಲೂಗಡ್ಡೆ ಸುಲಿಯೋದ್ರಲ್ಲಿ ಅಷ್ಟೇನಪ್ಪಾ ಖುಷಿ ಅಂತ ತಲೆ ಕೆರ್ಕೋತಾರಂತೆ.

ನಂಬಿದ್ರೆ ನಂಗೊಂದು ಲೋಟ ಬಿಯರ್ ತರ್ಸಿ. ನಂಬ್ಲಿಲ್ವಾ? ಹಂಗಾದ್ರೆ ಎರಡು ತರ್ಸಿ, ಮೊದ್ಲಿಂದ ಹೇಳ್ತೀನಿ.